ಮೂವತ್ತರಲ್ಲಿ ನಾಲ್ಕನೆಯದು

ಜೂನ್ 24

ಅಮ್ಮಾ,

ಕ್ಷೇಮ, ಕುಶಲ ಎಲ್ಲ ಬರೆದಾಯಿತು ಎಂದುಕೋ. ನೇರವಾಗಿ ಟೆನ್ಷನ್‌ಗೆ ಬರುತ್ತೇನೆ.

ಈ ಕಾಲೇಜಿನಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಎಲ್ಲವೂ ಗೊತ್ತಿದೆ. ಪೆನ್ಸಿಲ್ ಹೇಗೆ ಹಿಡಿಯಬೇಕು ಎನ್ನುವುದೂ ಗೊತ್ತಿದೆ. ನಾನು ಹಿಡಿಯುವುದು ತಪ್ಪಂತೆ. ಇಷ್ಟು ವರ್ಷ ರಜಕ್ಕೆ ಬಂದಾಗಲೆಲ್ಲ ನಿನ್ನ ಎದುರಿಗೇ ಹಿಡಿದುಕೊಂಡು ಕೂತಿದ್ದೇನೆ, ಒಂದು ಮಾತು ಹೇಳಬಾರದಿತ್ತಾ? ಡ್ರಾಯಿಂಗ್ ಸರ್ ನನ್ನ ಹಾಳೆ ಎತ್ತಿ ಇಡೀ ಕ್ಲಾಸಿಗೆ ತೋರಿಸಿ, "ಇದು ಕುರ್ಚಿನಾ, ಕುರ್ಚಿ ಮೇಲಿನ ಕೋಪಾನಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂಥ ಹೊತ್ತಿನಲ್ಲಿ ನಗದಿದ್ದರೆ ಇನ್ನೂ ಕಷ್ಟ ಎನ್ನುವುದನ್ನು ಹಾಸ್ಟೆಲ್ಲಿನಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ರೂಮ್‌ಮೇಟ್ ಒಬ್ಬಳಿದ್ದಾಳೆ. ಬಂದ ದಿನವೇ ನನ್ನ ಹ್ಯಾಂಗರ್‌ಗಳನ್ನೆಲ್ಲ ತನ್ನ ಬಟ್ಟೆಗೆ ಹಾಕಿಕೊಂಡು, "ನಿಂದೇನಾ ಇವು? ಸೂಪರ್ ಆಗಿವೆ" ಎಂದಳು. ಅವಳಿಗೆ ಮನಸ್ಸಿನಲ್ಲೇ ಹ್ಯಾಂಗರ್ ಎಂದು ಹೆಸರಿಟ್ಟಿದ್ದೇನೆ. ನನ್ನ ಬಟ್ಟೆಗಳು ಕುರ್ಚಿಯ ಮೇಲಿವೆ. ಕೇಳಬೇಕು. ನಾಳೆ ಕೇಳುತ್ತೇನೆ.

ಈಗ ಮುಖ್ಯ ವಿಷಯ. ತಾಮ್ರದ ತಗಡು ಕೊರೆದು ಪ್ರಿಂಟ್ ತೆಗೆಯುವುದನ್ನು ಕಲಿಸುವ ಗ್ರಾಫಿಕ್ಸ್ ಮೇಡಂ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ನೀನು ಅವರ ಮಗಳಂತೆ? ನಿಮ್ಮಮ್ಮನ ಹೊಸ ಎಚಿಂಗ್ ಬಂದಿದೆ ಕಣಮ್ಮ, ಗುರುವಾರ ಗೋಡೆಗೆ ಹಾಕ್ತೀವಿ" ಎಂದರು. ಹೊಸದಾ? ನನಗೆ ಹೇಳಲೇ ಇಲ್ಲವಲ್ಲ ಕಳ್ಳಿ! ಸರ್‌ಪ್ರೈಸ್ ಎಂದುಕೊಂಡಿದ್ದೇನೆ. ಮಗಳು ಎಂದು ಯಾರಿಗೂ ಹೇಳಬೇಡಿ ಎಂದು ಮೇಡಂಗೆ ಕೈಮುಗಿದೆ. ನಾಚಿಕೆಯಿಂದಲ್ಲ. ಈಗ ನನ್ನ ಕುರ್ಚಿ ಬರೀ ಕೆಟ್ಟ ಕುರ್ಚಿ. ಆಮೇಲೆ ಅದು ದೊಡ್ಡ ಕಲಾವಿದೆಯ ಮಗಳು ಬರೆದ ಕೆಟ್ಟ ಕುರ್ಚಿಯಾಗುತ್ತದೆ.

ಗುರುವಾರ ಎಲ್ಲರ ಮಧ್ಯೆ ನಿಂತು, ಏನೂ ಗೊತ್ತಿಲ್ಲದವಳ ಹಾಗೆ, ನಿನ್ನ ಚಿತ್ರ ನೋಡುತ್ತೇನೆ. ಒಳಗೊಳಗೇ ಎಷ್ಟು ಜಂಬ ಇರುತ್ತದೆ ಗೊತ್ತಾ!

ನಿನ್ನ
ಕಡ್ಡಿ


ಜೂನ್ 26

ಕಡ್ಡಿ,

ಹೋಗಿ ಇಷ್ಟು ದಿನವಾಯಿತು, ಪತ್ರವಿಲ್ಲ. ಹಾಸಿಗೆ ಗಟ್ಟಿಯೋ, ವಾರ್ಡನ್ ಗಟ್ಟಿಯೋ, ಏನಾದರೂ ಒಂದು ದೂರು ಬರೆಯಬಾರದೇ? ನಿನ್ನ ದೂರು ಬಂದರೇ ನನಗೆ ಸಮಾಧಾನ.

ಇಲ್ಲಿ ಎಲ್ಲ ಎಂದಿನಂತೆ. ಬಚ್ಚಲಿನ ನಲ್ಲಿ ಸೋರುತ್ತಿತ್ತು, ನಾನೇ ಬಿಚ್ಚಿ ವಾಷರ್ ಹಾಕಿದೆ. ಈಗ ಬಿಸಿನೀರಿನದು ತಣ್ಣಗೆ ಬರುತ್ತದೆ, ತಣ್ಣೀರಿನದು ಬರುವುದೇ ಇಲ್ಲ. ಪ್ರೆಸ್ಸಿನ ಚಕ್ರದ ಮಾಮನಿಗೆ ಸೊಂಟ ಹಿಡಿದಿದೆ. "ಅಕ್ಕಾ, ಈ ಚಕ್ರ ತಿರುಗಿಸಿ ತಿರುಗಿಸಿ ನಾನೇ ಒಂದು ಕಡೆ ತಿರುಗಿಕೊಂಡುಬಿಟ್ಟಿದೀನಿ" ಎನ್ನುತ್ತಾನೆ. ನಿನ್ನನ್ನು ಬಹಳ ಕೇಳಿದ.

ನಿಮ್ಮ ಕಾಲೇಜಿನವರು ನನ್ನದೊಂದು ಪ್ರಿಂಟ್ ತೆಗೆದುಕೊಂಡಿದ್ದಾರೆ. ನೀನು ರಜಕ್ಕೆ ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸೋಣವೆಂದಿದ್ದೆ, ಅಷ್ಟರಲ್ಲಿ ಅವರು ಅವಸರ ಮಾಡಿದರು. ನೋಡುವಾಗ ಒಂದು ಮಾತು ನೆನಪಿಡು: ಚಿತ್ರದಲ್ಲಿರುವವರು ಯಾರೂ ಯಾರೂ ಅಲ್ಲ. ಚಿತ್ರವನ್ನು ಚಿತ್ರವಾಗಿ ನೋಡುವುದನ್ನು ಕಲಿಯಲೆಂದೇ ಅಲ್ಲಿಗೆ ಹೋಗಿದ್ದೀಯ.

ಬೆಡ್‌ಷೀಟು ಎರಡಿದ್ದವು, ಒಂದು ಇಲ್ಲೇ ಬಿಟ್ಟು ಹೋಗಿದ್ದೀಯ. ಕಳಿಸಲೇ?

ಅಮ್ಮ


ಜೂನ್ 30

ಅಮ್ಮ,

ಫೋನ್ ಮಾಡಬೇಡ. ಮೂರು ಸಲ ಮಾಡಿದ್ದೀಯ, ನಾನು ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ಯಾವಾಗಲೂ ನೀನೇ ಗೆಲ್ಲುತ್ತೀಯ. ಬರೆಯುವಾಗ ನಾನು ಮಾತು ಮುಗಿಸುವವರೆಗೂ ನೀನು ಕಾಯಲೇಬೇಕು.

ಗುರುವಾರ ಮೊದಲ ಸಾಲಿನಲ್ಲಿ ನಿಂತಿದ್ದೆ. ಚಿತ್ರದ ಮೇಲಿನ ಬಟ್ಟೆ ಸರಿಸಿದರು. ಕಂಡದ್ದನ್ನು ಬರೆಯುತ್ತೇನೆ, ಸರಿಯಾಗಿ ನೋಡಿದ್ದೇನೋ ಇಲ್ಲವೋ ಹೇಳು. ಸ್ಟೂಲಿನ ಮೇಲೆ ಒಬ್ಬ ಹುಡುಗಿ, ಶಾಲೆಯ ಯೂನಿಫಾರ್ಮು, ಕೈಯಲ್ಲಿ ರೇಜರ್, ಬಾಯಿಯ ಸುತ್ತ ನೊರೆ, ತುಟಿಯ ಒಂದು ಬದಿಗೆ ಕೊಯ್ದ ಗಾಯ. ನೊರೆ ಕೆಳಕ್ಕೆ ಇಳಿಯುತ್ತ ಚಾದರವಾಗಿ, ಚಾದರ ಸಾಲು ಸಾಲು ಮಂಚಗಳಾಗಿ ದೂರಕ್ಕೆ ಹೋಗುತ್ತದೆ. ಕನ್ನಡಿಯಲ್ಲಿ ಹುಡುಗಿಯ ಮುಖವಿಲ್ಲ. ಎರಡು ಜಡೆ ಹಾಕಿಕೊಂಡ ಒಬ್ಬ ಗಂಡಸು ಇದ್ದಾನೆ. ಅವನ ಕೋಟಿನ ಗುಂಡಿ ಬಿಚ್ಚಿದೆ, ಎದೆಯೊಳಗೆ ಒಂದು ತೊಟ್ಟಿಲು. ಬಾಗಿಲಲ್ಲಿ ಏಪ್ರನ್ ಕಟ್ಟಿಕೊಂಡ ಹೆಂಗಸು, ತಲೆ ಇರಬೇಕಾದ ಜಾಗದಲ್ಲಿ ಬೀಗ ಹಾಕಿದ ಟ್ರಂಕು. ಕೆಳಗೆ ಪೆನ್ಸಿಲ್‌ನಲ್ಲಿ ಹೆಸರು, "ಮನೆಯ ಗಂಡಸು". ಪಕ್ಕದಲ್ಲಿ 4/30. ಆಮೇಲೆ ನಿನ್ನ ಸಹಿ.

ಚೆನ್ನಾಗಿದೆ ಅಮ್ಮ. ಅದೇ ಕಷ್ಟ. ಕೆಟ್ಟದಾಗಿದ್ದರೆ ಯಾರೂ ಅಷ್ಟು ಹೊತ್ತು ನೋಡುತ್ತಿರಲಿಲ್ಲ.

ಮೇಡಂ ಎಲ್ಲರನ್ನೂ ಮಾತಾಡಿಸಿದರು. "ಅವಳು ಮೀಸೆ ಬೋಳಿಸ್ತಿದಾಳಾ, ಬೆಳೆಸ್ತಿದಾಳಾ?" ಎಂದ ಒಬ್ಬ. "ಹಾಲು ಕುಡಿದು ಬಾಯಿ ಒರೆಸ್ಕೊಂಡಿಲ್ಲ ಕಣೋ, ಅಷ್ಟೇ" ಎಂದ ಇನ್ನೊಬ್ಬ. ಹೆಣ್ಣಿನ ಪಾತ್ರ, ಗಂಡಿನ ಪಾತ್ರ, ಅಧಿಕಾರ ಎಂದು ಯಾರೋ ಒಬ್ಬಳು ಹೇಳುತ್ತಿದ್ದಳು. ಆಗ ಪಕ್ಕದಲ್ಲಿದ್ದವನು ಚಿತ್ರ ನೋಡಿ, ನನ್ನನ್ನು ನೋಡಿ, ಮತ್ತೆ ಚಿತ್ರ ನೋಡಿ ಕೂಗಿದ: "ಏ, ಇವಳ ತುಟಿ ನೋಡ್ರೋ! ಸೇಮ್ ಕಟ್!"

ಎಲ್ಲರೂ ತಿರುಗಿದರು. ಈಗ ನನ್ನ ಹೆಸರು ಮೀಸೆ. ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಂತರೆ "ಮೀಸೆಗೆ ಜಾಗ ಬಿಡ್ರಪ್ಪಾ" ಎನ್ನುತ್ತಾರೆ. ನೀನು ನನ್ನ ಅಮ್ಮ ಎನ್ನುವುದೂ ಸಂಜೆಯ ಹೊತ್ತಿಗೆ ಗೊತ್ತಾಯಿತು.

ಇನ್ನು ಮುಂದಿನದು ನಿನಗೆ ನೆನಪಿದೆ ಎಂದು ಗೊತ್ತು. ಆದರೂ ಬರೆಯುತ್ತೇನೆ, ಏಕೆಂದರೆ ನಿನ್ನ ವರ್ಷನ್ ಈಗ ಗೋಡೆಯ ಮೇಲಿದೆ, ನನ್ನದು ಎಲ್ಲಿಯೂ ಇಲ್ಲ. ಅಪ್ಪ ತೀರಿಕೊಂಡ ಮರುವರ್ಷ. ಅಜ್ಜಿ ನಿನಗೆ ಹೇಳುತ್ತಿದ್ದರು, "ಗಂಡು ದಿಕ್ಕಿಲ್ಲದ ಮನೆ ಕಣೇ ಇದು. ಹುಡುಗಿ ಹಾಸ್ಟೆಲ್ಲಲ್ಲೇ ಇರಲಿ." ನೀನು ಹೂಂ ಎಂದೆ. ನಾನು ಬಾಗಿಲ ಹಿಂದೆ ಇದ್ದೆ. ಅಂದರೆ ಮನೆಯಲ್ಲಿ ಒಬ್ಬ ಗಂಡಸಿದ್ದರೆ ನಾನು ವಾಪಸ್ ಹೋಗಬೇಕಾಗಿಲ್ಲ ಎಂದು ನನಗೆ ಅರ್ಥವಾಯಿತು. ಬೋಳಿಸಿದರೆ ಮೀಸೆ ಬೇಗ ಬರುತ್ತದೆ ಎಂದು ಶಾಲೆಯಲ್ಲಿ ಯಾರೋ ಹೇಳಿದ್ದರು. ಅಪ್ಪನ ರೇಜರ್ ಇನ್ನೂ ಬಚ್ಚಲಿನ ಗೂಡಿನಲ್ಲೇ ಇತ್ತು.

ರಕ್ತ ನಿಂತ ಮೇಲೆ ನೀನು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಇದು ನಮ್ಮಿಬ್ಬರಲ್ಲೇ. ಯಾರಿಗೂ ಇಲ್ಲ. ಅಜ್ಜಿಗೂ ಇಲ್ಲ. ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಹೇಳೋಣ" ಎಂದೆ. ಇಷ್ಟು ವರ್ಷ ನಾನು ಎಲ್ಲರಿಗೂ ಅದನ್ನೇ ಹೇಳಿದ್ದೇನೆ. ಹ್ಯಾಂಗರ್‌ಗೂ ಜಾರಿ ಬಿದ್ದೆ ಎಂದೇ ಹೇಳಿದ್ದೆ.

ಚಿತ್ರದಲ್ಲಿರುವವರು ಯಾರೂ ಯಾರೂ ಅಲ್ಲ ಎಂದು ಬರೆದಿದ್ದೀಯ. ತಾಮ್ರದ ತಗಡಿನ ಮೇಲೆ ಎಡಕ್ಕೆ ಕೊರೆದದ್ದು ಕಾಗದದ ಮೇಲೆ ಬಲಕ್ಕೆ ಬರುತ್ತದೆ ಎಂದು ಚಿಕ್ಕಂದಿನಲ್ಲಿ ನೀನೇ ನನಗೆ ಕಲಿಸಿದ್ದೆ. ಗೋಡೆಯ ಮೇಲಿನ ಹುಡುಗಿಯ ಗಾಯ ನನ್ನ ಗಾಯ ಇರುವ ಕಡೆಯೇ ಇದೆ. ಅಂದರೆ ನೀನು ಕೂತು ಯೋಚಿಸಿ ಅದನ್ನು ಉಲ್ಟಾ ಕೊರೆದಿದ್ದೀಯ. ಯಾರೂ ಅಲ್ಲದವಳ ಗಾಯಕ್ಕೆ ಅಷ್ಟು ಕಷ್ಟ ಏಕೆ ಪಡಬೇಕಿತ್ತು?

ಬೆಡ್‌ಷೀಟ್ ಬೇಡ.

ಕಡ್ಡಿ


ಜುಲೈ 9

ಮಗಳೇ,

ನಿನ್ನ ಪತ್ರವನ್ನು ಪ್ರೆಸ್ಸಿನ ಪಕ್ಕ ನಿಂತೇ ಓದಿದೆ. ಆಮೇಲೆ ಕೂತು ಓದಿದೆ. ಚಕ್ರದ ಮಾಮ "ಏನಕ್ಕಾ, ಹುಡುಗಿಗೆ ಹುಷಾರಿಲ್ವಾ?" ಎಂದ. "ಅವಳು ಹುಷಾರಾಗಿದಾಳೆ, ನಂಗೇ ಏಟು ಬಿದ್ದಿದೆ" ಎಂದೆ.

ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲ. ಇದಕ್ಕಿಂತ ನೆಟ್ಟಗೆ ಹೇಳಲು ನನಗೆ ಬರುವುದಿಲ್ಲ. ಯಾರೂ ಯಾರೂ ಅಲ್ಲ ಎಂದದ್ದು ಹೇಡಿತನ, ಅದನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಆದರೆ ಆ ಬಚ್ಚಲುಮನೆಯಲ್ಲಿ ನೀನೊಬ್ಬಳೇ ಇರಲಿಲ್ಲ. ನಿನ್ನ ತುಟಿಗೆ ಬಟ್ಟೆ ಒತ್ತಿ ಹಿಡಿದವಳು ನಾನು. ಕೆಂಪಾಗುತ್ತಿದ್ದ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ, ಇವಳನ್ನು ಇಷ್ಟರ ಮಟ್ಟಿಗೆ ತಂದವಳು ನಾನು ಎಂದುಕೊಂಡೆ. ನಿನ್ನಪ್ಪ ಹೋದ ಮೇಲೆ ಫ್ಯೂಸ್ ಹಾಕಿದವಳು ನಾನು, ಗ್ಯಾಸ್ ಸಿಲಿಂಡರ್ ಉರುಳಿಸಿದವಳು ನಾನು. ಬಾಗಿಲು ತಟ್ಟಿದ ಪ್ರತಿಯೊಬ್ಬನೂ ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತ ನನ್ನನ್ನೇ "ಮನೇಲಿ ಗಂಡಸರು ಯಾರೂ ಇಲ್ವಾ?" ಎಂದು ಕೇಳುತ್ತಿದ್ದ. ಅಜ್ಜಿಯ ಮಾತನ್ನು ನಾವಿಬ್ಬರೂ ಕೇಳಿಸಿಕೊಂಡೆವು ಕಡ್ಡಿ. ನೀನು ರೇಜರ್ ತೆಗೆದುಕೊಂಡೆ. ನನಗೆ ತಗಡು ಕೊರೆಯುವ ಸೂಜಿ ಕೈಗೆತ್ತಿಕೊಳ್ಳಲು ಇಷ್ಟು ವರ್ಷ ಬೇಕಾಯಿತು.

ಅಪ್ಪ ಇರುವ ತನಕ ನಾನು ಬರೆದದ್ದೆಲ್ಲ ಹೂದಾನಿ. ನಿನಗೆ ನೆನಪಿದೆಯೋ ಇಲ್ಲವೋ, ಗೋಡೆ ತುಂಬ ಹೂದಾನಿಗಳಿದ್ದವು. ನನ್ನ ಕೈಯಿಂದ ಬಂದವುಗಳಲ್ಲಿ ಸುಳ್ಳಿಲ್ಲದ್ದು ಇದೊಂದೇ. ಟ್ರಂಕಿನ ತಲೆಯ ಹೆಂಗಸು ಯಾರು ಎಂದು ನಿನ್ನ ಕ್ಲಾಸಿನವರು ಕೇಳಲಿಲ್ಲವೇ?

ಮೀಸೆ ಎನ್ನುವವರಿಗೆ ನಾಲ್ಕು ದಿನ ಕಿವಿಗೊಡಬೇಡ. ಬಾಯಿ ನೋವು ಬಂದು ತಾವೇ ಬಿಡುತ್ತಾರೆ.

ಅಮ್ಮ


ಜುಲೈ 20

ಅಮ್ಮ,

ಟ್ರಂಕಿನ ತಲೆಯ ಹೆಂಗಸು ಯಾರೆಂದು ಒಬ್ಬರೂ ಕೇಳಲಿಲ್ಲ. ಅವಳಿಗೆ ಮುಖವೇ ಇಲ್ಲ, ಹೇಗೆ ಕೇಳುತ್ತಾರೆ? ನಿನ್ನನ್ನು ಟ್ರಂಕಿನಲ್ಲಿ ಬಚ್ಚಿಟ್ಟು ಬೀಗ ಹಾಕಿಕೊಂಡೆ. ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿದೆ.

ಮನೆಯವರಿಗೆಲ್ಲ ಯಾವುದು ಒಳ್ಳೆಯದು ಎಂದು ಒಬ್ಬರೇ ತೀರ್ಮಾನಿಸುವುದು, ಕೇಳಿದರೆ ಬೇಡ ಎನ್ನುತ್ತಾರೆ ಎಂದು ಕೇಳದೇ ಮಾಡುವುದು, ಇದನ್ನೆಲ್ಲ ಅಪ್ಪಂದಿರು ಮಾಡಿದರೆ ಯಜಮಾನಿಕೆ ಎಂದು ನೀನೇ ಬೈಯುತ್ತೀಯ. ನೀನು ಮಾಡಿದರೆ ಕಲೆಯಾ? "ಮನೆಯ ಗಂಡಸು" ಎನ್ನುವ ಹೆಸರು ನನಗೆ ಇಟ್ಟದ್ದು ಎಂದುಕೊಂಡಿದ್ದೆ. ಸರಿಯಾಗಿ ನೋಡಿದರೆ ಅದು ನಿನಗೇ ಹೊಂದುತ್ತದೆ.

ಸಾರಿ. ಇದನ್ನು ಹೊಡೆದುಹಾಕೋಣ ಎಂದುಕೊಂಡೆ, ಆಮೇಲೆ ಬೇಡ ಎನ್ನಿಸಿತು. ಮೆಸ್ಸಿಗೆ ಊಟಕ್ಕೂ ಹೋಗಲಿಲ್ಲ, ನಿನಗೆ ಹೀಗೆ ಬರೆದು ಅಭ್ಯಾಸವಿಲ್ಲ.

ಒಂದು ಪ್ರಶ್ನೆ ಇದೆ. ಸುತ್ತಿ ಬಳಸಿ ಕೇಳುವುದಿಲ್ಲ. 4/30 ಎಂದರೆ ಒಂದೇ ತಗಡಿನಿಂದ ತೆಗೆಯುವ ಮೂವತ್ತರಲ್ಲಿ ನಾಲ್ಕನೆಯದು, ಮೂವತ್ತೊಂದನೆಯದು ಎಂದೂ ಇರುವುದಿಲ್ಲ, ಅದಕ್ಕೇ ಬೆಲೆ ಎಂದು ಗ್ರಾಫಿಕ್ಸ್ ಮೇಡಂ ಕ್ಲಾಸಿನಲ್ಲಿ ಹೇಳಿದರು. ಕೆಲವು ಕಲಾವಿದರು ಮೂವತ್ತನ್ನೂ ಒಟ್ಟಿಗೇ ಪ್ರೆಸ್ಸಿನಲ್ಲಿ ಎಳೆಯುವುದಿಲ್ಲ, ಯಾರಾದರೂ ಕೇಳಿದಾಗ ಒಂದೊಂದಾಗಿ ಎಳೆಯುತ್ತಾರೆ ಎಂದೂ ಹೇಳಿದರು. ನೀನು ಹಾಗೇ ಮಾಡುವುದನ್ನು ನೋಡಿದ್ದೇನೆ. ತಗಡಿನ ಮೇಲೆ ಅಡ್ಡಡ್ಡ ಗೀಚಿ ರದ್ದು ಮಾಡಿದರೆ ಮತ್ತೆ ಅದರಿಂದ ಮಾರುವಂಥ ಪ್ರಿಂಟ್ ತೆಗೆಯಲು ಆಗುವುದಿಲ್ಲ ಅಂತೆ.

ಎಷ್ಟು ಎಳೆದಿದ್ದೀಯ ನನಗೆ ಗೊತ್ತಿಲ್ಲ. ಎಳೆದವು ಹೋಗಲಿ. ಅವುಗಳ ಜೊತೆ ಹೇಗೋ ಇರುತ್ತೇನೆ. ಇನ್ನು ಎಳೆಯಬೇಡ. ತಗಡನ್ನು ರದ್ದು ಮಾಡು ಅಮ್ಮ. ಪ್ಲೀಸ್. ಇದೊಂದು ಮಾಡಿದರೆ ಈ ಮಾತನ್ನು ಮತ್ತೆ ಎತ್ತುವುದಿಲ್ಲ. ದಸ್ತಾವೇಜು ಬೇಕಿದ್ದರೆ ಬರೆದುಕೊಡುತ್ತೇನೆ.

ಕಡ್ಡಿ


ಆಗಸ್ಟ್ 2

ಕಡ್ಡಿ,

ಎಳೆದಿರುವುದು ಒಂಬತ್ತು. ಇನ್ನೂ ಇಪ್ಪತ್ತೊಂದು ಆ ತಗಡಿನೊಳಗೇ ಇವೆ.

ನೀನು ಕೇಳಿದ್ದು ಸಣ್ಣ ವಿಷಯವಲ್ಲ. ತಗಡು ಬರೀ ತಾಮ್ರವಲ್ಲ, ಅದರಲ್ಲಿ ನನ್ನ ಒಂದೂವರೆ ವರ್ಷವಿದೆ. ಆ ಕನ್ನಡಿಯ ಕಪ್ಪು ಬರಲೆಂದು ಎಷ್ಟು ಸಲ ಆಸಿಡ್ಡಿನಲ್ಲಿ ಅದ್ದಿದ್ದೇನೋ. ಬೆರಳ ತುದಿಯ ಚರ್ಮ ಇನ್ನೂ ಸರಿಯಾಗಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ನೀನು ಏನು ಕೇಳುತ್ತಿದ್ದೀಯ ಎನ್ನುವುದು ನಿನಗೂ ಗೊತ್ತಿರಲಿ ಎಂದು.

ಆದರೆ ನೀನು ನನ್ನನ್ನು ಏನನ್ನೂ ಕೇಳುವ ಮಗುವಲ್ಲ. ಆಟದ ಸಾಮಾನನ್ನೂ ಕೇಳಲಿಲ್ಲ, ಹಾಸ್ಟೆಲ್ಲಿಗೆ ಕಳಿಸಬೇಡ ಎಂದೂ ಬಾಯಿಬಿಟ್ಟು ಕೇಳಲಿಲ್ಲ. ಬದುಕಿನಲ್ಲಿ ಮೊದಲ ಸಲ ಕೇಳಿದ್ದೀಯ. ರದ್ದು ಮಾಡುತ್ತೇನೆ. ನಿನ್ನಾಣೆ.

ಕೈಯಲ್ಲಿರುವ ಸಣ್ಣ ಕೆಲಸ ಮುಗಿಸಿ, ಈ ತಿಂಗಳೊಳಗೆ. ರದ್ದಾದ ಮೇಲೆ ಆ ತಗಡಿನಿಂದ ಒಂದು ಪ್ರಿಂಟ್ ತೆಗೆಯುವ ಪದ್ಧತಿ ಇದೆ, ಗೀಚಿದ್ದಕ್ಕೆ ಸಾಕ್ಷಿಯಾಗಿ. ಅದನ್ನು ನಿನಗೇ ಕಳಿಸುತ್ತೇನೆ.

ಹೊತ್ತು ಹೊತ್ತಿಗೆ ಮೆಸ್ಸಿಗೆ ಹೋಗಿ ಊಟ ಮಾಡು. ಎಲ್ಲವನ್ನೂ ನನ್ನ ತಲೆಗೇ ಕಟ್ಟಬೇಡ.

ಅಮ್ಮ


ಆಗಸ್ಟ್ 29

ಕಡ್ಡಿ,

ಈ ಕೊಳವೆಯೊಳಗೆ ಇದೆ. ಬಿಚ್ಚುವಾಗ ಹುಷಾರು, ಇಂಕು ಪೂರ್ತಿ ಒಣಗಿಲ್ಲ.

ಮಾತು ಕೊಟ್ಟಂತೆ.

ಅಮ್ಮ


ಸೆಪ್ಟೆಂಬರ್ 6

ಅಮ್ಮಾ, ಅಮ್ಮಾ, ಅಮ್ಮಾ,

ಬಂತು! ಪೋಸ್ಟ್‌ಮ್ಯಾನ್ ಕೊಳವೆಯನ್ನು ಗೇಟಿನಲ್ಲಿ ಕೊಟ್ಟು, "ಏನಮ್ಮ ಇದು, ಟೆಲಿಸ್ಕೋಪಾ?" ಎಂದ. ಮೆಟ್ಟಿಲ ಮೇಲೇ ಕೂತು ಬಿಚ್ಚಿದೆ. ಹ್ಯಾಂಗರ್ ಒಂದು ತುದಿ ಹಿಡಿದಳು, ನಾನೊಂದು ತುದಿ.

ಎಷ್ಟು ಜೋರಾಗಿ ಗೀಚಿದ್ದೀಯ! ಮೂಲೆಯಿಂದ ಮೂಲೆಗೆ ಎರಡು ಗೆರೆ, ಆಮೇಲೆ ಹುಡುಗಿಯ ಮುಖದ ಮೇಲೆ ಇನ್ನೊಂದು. ಗೆರೆಯ ಅಂಚಿನಲ್ಲಿ ಇಂಕು ದಪ್ಪಗೆ ನಿಂತು ಮುಟ್ಟಿದರೆ ಕೈಗೆ ಸಿಗುತ್ತದೆ. ಒಂದೂವರೆ ವರ್ಷದ ಕೆಲಸದ ಮೇಲೆ ಸೂಜಿ ಎಳೆಯುವಾಗ ನಿನಗೆ ಹೇಗಾಗಿರಬೇಕು ಎಂದು ಯೋಚಿಸಿ ಅತ್ತುಬಿಟ್ಟೆ. ಮೆಟ್ಟಿಲ ಮೇಲೆ, ಎಲ್ಲರ ಎದುರಿಗೆ. ಸೀನ್ ಆಯಿತು. ಆಗಲಿ.

ಯಜಮಾನಿಕೆ ಎಂದು ಬರೆದದ್ದಕ್ಕೆ ಕ್ಷಮಿಸು. ಯಾವ ಯಜಮಾನ ಮಗಳ ಮಾತಿಗೆ ತನ್ನ ಕೆಲಸವನ್ನೇ ಹಾಳು ಮಾಡಿಕೊಳ್ಳುತ್ತಾನೆ? ಹ್ಯಾಂಗರ್‌ಗೆ ಎಲ್ಲವನ್ನೂ ಹೇಳಿದೆ, ಅಪ್ಪನ ರೇಜರ್, ಅಜ್ಜಿ, ಎಲ್ಲ. ನಾನಾಗಿಯೇ ಹೇಳಿದೆ. ಅವಳು, "ನಮ್ಮಮ್ಮ ನನಗೋಸ್ಕರ ಒಂದು ಸೀರಿಯಲ್ಲೂ ಬಿಡಲ್ಲ" ಎಂದಳು. ಆಮೇಲೆ ಎದ್ದು ನನ್ನ ಹ್ಯಾಂಗರ್‌ಗಳಲ್ಲಿ ಎರಡನ್ನು ವಾಪಸ್ ಕೊಟ್ಟಳು.

ಅದನ್ನು ನನ್ನ ಮಂಚದ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಇದು ಮೂವತ್ತರಲ್ಲಿ ಯಾವುದೂ ಅಲ್ಲ. ಒಂದೇ ಒಂದು ಇರುವುದು, ಅದು ನನ್ನ ಹತ್ತಿರ ಇದೆ. ಆಕ್ಚುಲಿ ನನಗೆ ಮೂಲ ಚಿತ್ರಕ್ಕಿಂತ ಇದೇ ಇಷ್ಟ. ಗ್ರಾಫಿಕ್ಸ್ ಮೇಡಂಗೂ ತೋರಿಸುತ್ತೇನೆ, ಅವರು ಊರಿಂದ ಬಂದ ತಕ್ಷಣ.

ರಜ ಸಿಕ್ಕ ದಿನವೇ ಹೊರಡುತ್ತೇನೆ. ಬಿಸಿನೀರಿನ ನಲ್ಲಿಯಲ್ಲಿ ಬಿಸಿನೀರು ಬರುವ ಹಾಗೆ ಮಾಡಿಸು. ನೀನೇ ಮಾಡಬೇಡ. ಪ್ಲಂಬರ್ ಕರೆಸು.

ನಿನ್ನ ಮುದ್ದು
ಕಡ್ಡಿ


ಸೆಪ್ಟೆಂಬರ್ 17

ಅಮ್ಮಾ,

ಹೇಗೆ ಕೇಳಬೇಕೋ ಗೊತ್ತಾಗುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಗ್ರಾಫಿಕ್ಸ್ ಮೇಡಂ ಊರಿಂದ ಬಂದರು. ಪ್ರಿಂಟ್ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಹರಡಿದೆ. ನೋಡಿದ ಕೂಡಲೇ ಅವರ ಮುಖ ಅರಳಿತು. "ಓ! ಮೂವತ್ತರ ಎಡಿಷನ್ ಮುಗೀತಾ? ಇಷ್ಟು ಬೇಗ? ಅಮ್ಮನಿಗೆ ಕಂಗ್ರಾಜುಲೇಷನ್ಸ್ ಹೇಳಮ್ಮ!"

ನಾನು ನಕ್ಕೆ. "ಮುಗಿದಿಲ್ಲ ಮೇಡಂ, ನಿಲ್ಲಿಸಿದಾರೆ. ಒಂಬತ್ತಕ್ಕೇ. ನಾನು ಕೇಳಿದ್ದಕ್ಕೆ."

"ಒಂಬತ್ತಕ್ಕೆ ನಿಲ್ಲಿಸಿದ್ರೆ ನಮ್ಮ ಗೋಡೆ ಮೇಲೆ ಮೂವತ್ತು ಅಂತ ಬರೆದಿರೋದು ಸುಳ್ಳಾಯ್ತಲ್ಲಮ್ಮ" ಎಂದರು. "ಹಾಗಾದ್ರೆ ತಗೊಂಡವರಿಗೆಲ್ಲ ತಿಳಿಸ್ತಾರೆ. ನಮಗೇನೂ ಕಾಗದ ಬಂದಿಲ್ಲ. ಸಾಮಾನ್ಯವಾಗಿ ಕೊನೇ ಪ್ರಿಂಟ್ ಎಳೆದಾದ್ಮೇಲೇ ತಗಡನ್ನ ಗೀಚೋದು. ಇದು ಕೈಗೆ ಬಂತು ಅಂದ್ರೆ, ಎಲ್ಲಾ ಎಳೆದಾಯ್ತು ಅಂತಲೇ ನಮ್ಮಲ್ಲಿ ಅರ್ಥ." ಅಷ್ಟರಲ್ಲಿ ಅವರು ನನ್ನ ಮುಖ ನೋಡಿರಬೇಕು. ಕಿಟಕಿ ಹಾಕಲೇ, ಧೂಳು ಬರುತ್ತಿದೆ ಎಂದು ಎದ್ದುಬಿಟ್ಟರು. ಧೂಳು ಬರುತ್ತಿರಲಿಲ್ಲ.

ನಮ್ಮಮ್ಮ ಹಾಗಲ್ಲ ಎಂದು ಹೇಳಿ ಬಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಎಂದು ಕಾಣುತ್ತದೆ.

ನನಗೆ ಅನುಮಾನ ಇಲ್ಲ ಅಮ್ಮ. ನೀನು ತಿಳಿಸುವುದನ್ನು ಮರೆತಿರುತ್ತೀಯ. ಕರೆಂಟ್ ಬಿಲ್ಲನ್ನೇ ಮರೆಯುವವಳು. ಆದರೂ ಒಂದೇ ಒಂದು ಸಲ ಬರೆದುಬಿಡು, ಮೇಡಂಗೆ ತೋರಿಸುತ್ತೇನೆ. ಗೀಚುವ ಮೊದಲು ಎಷ್ಟು ಎಳೆದಿದ್ದೆ? ಒಂಬತ್ತು ಎಂದು ಬರೆದರೆ ಸಾಕು. ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ.

ಕಡ್ಡಿ


ಅಕ್ಟೋಬರ್ 5

ಮಗಳೇ,

ಮೂವತ್ತು.

ಈ ಒಂದು ಪದ ಬರೆದು ಅಂಚೆಗೆ ಹಾಕೋಣವೆಂದು ಎಷ್ಟೋ ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಆಗಲಿಲ್ಲ. ಮೊದಲಿನಿಂದ ಹೇಳುತ್ತೇನೆ, ಕೇಳುವ ಮನಸ್ಸಿದ್ದರೆ ಕೇಳು.

ನಿನಗೆ ಮಾತು ಕೊಟ್ಟ ದಿನ ನನ್ನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಸೂಜಿ ಹಿಡಿದುಕೊಂಡೇ ಮೇಜಿನ ಹತ್ತಿರ ಹೋದೆ. ತಗಡು ಕಿಟಕಿಯ ಬೆಳಕಿನಲ್ಲಿತ್ತು. ಇನ್ನು ಇದನ್ನು ನೋಡುವುದಿಲ್ಲವಲ್ಲ, ಒಂದೇ ಒಂದು ಎಳೆದು ಆಮೇಲೆ ಗೀಚೋಣ ಎನ್ನಿಸಿತು. ಕಾಗದ ನೆನೆಸಿದೆ. ಇಂಕು ಹಚ್ಚಿ ಒರೆಸಿದೆ. ಚಕ್ರದ ಮಾಮ ತಿರುಗಿಸಿದ. ಕಾಗದ ಎತ್ತಿದಾಗ ಎಷ್ಟು ಚೆನ್ನಾಗಿ ಬಂದಿತ್ತು ಎಂದರೆ, ಮೊದಲಿನ ಒಂಬತ್ತರಲ್ಲಿ ಒಂದೂ ಹಾಗೆ ಬಂದಿರಲಿಲ್ಲ. ಕನ್ನಡಿಯ ಆ ಕಪ್ಪು ಈಗ ಸಿಕ್ಕಿತು ಎಂದೆ. ಇನ್ನೊಂದು ಎಳೆದೆ. ಅವನು ಸೊಂಟ ಹಿಡಿದುಕೊಂಡು, "ಇನ್ನೂ ಇದೆಯಾ ಅಕ್ಕಾ?" ಎಂದು ಕೇಳುವನು, "ಇನ್ನೊಂದು ಮಾತ್ರ" ಎನ್ನುವೆ. ಹಾಗೇ ಮುಗಿಯಿತು. ಮೂವತ್ತು ಆದ ಮೇಲೆ ಗೀಚಿದೆ. ಗೀಚುವುದು ಕಷ್ಟವಾಗಲಿಲ್ಲ. ನಿನಗೆ ಅದು ಕಷ್ಟದ ಹಾಗೆ ಕಂಡಿತು, ನಾನು ತಿದ್ದಲಿಲ್ಲ.

ರದ್ದು ಮಾಡುತ್ತೇನೆ ಎಂದಿದ್ದೆ, ಮಾಡಿದೆ. ಎಳೆಯುವುದಿಲ್ಲ ಎಂದು ಬರೆದಿರಲಿಲ್ಲ. ಹಳೆಯ ಪತ್ರವನ್ನು ನೆನಪು ಮಾಡಿಕೊಂಡು ಇದನ್ನೇ ನನಗೆ ನಾನು ಎಷ್ಟೋ ಸಲ ಹೇಳಿಕೊಂಡೆ. ನಿನಗೆ ಹೇಳಲು ಮಾತ್ರ ಮುಖವಿಲ್ಲ.

ಡಿಸೆಂಬರಿನಲ್ಲಿ ದೊಡ್ಡ ಗ್ಯಾಲರಿಯೊಂದರಲ್ಲಿ ಪ್ರದರ್ಶನವಿದೆ. ನನ್ನ ವಯಸ್ಸಿಗೆ ಇಂಥದ್ದು ಮತ್ತೆ ಬರುವುದಿಲ್ಲ. ಬಾಗಿಲ ಎದುರಿನ ಗೋಡೆಗೆ ಆ ಚಿತ್ರವೇ ಬೇಕಂತೆ. ನೀನು ಬಂದು ನನ್ನ ಪಕ್ಕ ನಿಂತರೆ, ಬೈಯುತ್ತಲೇ ನಿಂತರೂ ಸರಿ, ಜನ ಏನೆಂದರೂ ನಾನು ಕೇರ್ ಮಾಡುವುದಿಲ್ಲ.

ಬರುತ್ತೀಯಾ?

ಅಮ್ಮ


ನವೆಂಬರ್ 12

ಅಮ್ಮ,

ಉತ್ತರ ತಡವಾಯಿತು. ಬರೆದು ಬರೆದು ಹರಿದೆ. ಎಲ್ಲದರಲ್ಲೂ ನಾನು ತುಂಬ ಚೆನ್ನಾಗಿ ಸಿಟ್ಟು ಮಾಡಿಕೊಂಡಿದ್ದೆ, ಓದಿದರೆ ನಿನಗೆ ಇಷ್ಟವಾಗುತ್ತಿತ್ತು.

ಪ್ರದರ್ಶನಕ್ಕೆ ಬರುವುದಿಲ್ಲ. ಪರೀಕ್ಷೆ ಇದೆ ಎಂದು ಬರೆಯಬಹುದಿತ್ತು, ಆದರೆ ಪರೀಕ್ಷೆ ಅದಕ್ಕೂ ಮೊದಲೇ ಮುಗಿಯುತ್ತದೆ. ರಜಕ್ಕೆ ಹ್ಯಾಂಗರ್ ತನ್ನ ಮನೆಗೆ ಕರೆದಿದ್ದಾಳೆ, ಅಲ್ಲಿಗೆ ಹೋಗುತ್ತೇನೆ. ಅವಳ ಅಮ್ಮ ಮಗಳ ಗೆಳತಿಯರನ್ನು ಪ್ರಶ್ನೆ ಕೇಳಿ ಕೇಳಿ ಸಾಯಿಸುತ್ತಾರಂತೆ. ಏನು ಕೇಳಿದರೂ ಜಾರಿ ಬಿದ್ದೆ ಎನ್ನುವುದಿಲ್ಲ. ಅದನ್ನು ಬಿಟ್ಟಿದ್ದೇನೆ.

ಮೇಡಂ ಮತ್ತೆ ಆ ಮಾತು ತೆಗೆಯಲಿಲ್ಲ. ನಾನೇ ಹೋಗಿ, ನೀವು ಹೇಳಿದ್ದು ಸರಿ ಮೇಡಂ ಎಂದೆ. ಅವರು ನನಗೆ ಟೀ ತರಿಸಿದರು. ಮೀಸೆ ಎನ್ನುವವರಿಗೆ ಈಗ ಬೇರೆ ಯಾರೋ ಸಿಕ್ಕಿದ್ದಾರೆ. ಡ್ರಾಯಿಂಗ್ ಸರ್ ಹೋದ ವಾರ ನನ್ನ ಹಾಳೆ ಎತ್ತಿ ತೋರಿಸಿದರು, ಯಾರೂ ನಗಲಿಲ್ಲ.

ನೀನು ಸುಳ್ಳು ಹೇಳಲಿಲ್ಲ. ಅದನ್ನು ಒಪ್ಪುತ್ತೇನೆ. ಒಂಬತ್ತು ಎಂದು ಬರೆದಿದ್ದರೆ ನಾನು ನಂಬಿ ಬದುಕಿಡೀ ಜಂಬಪಟ್ಟುಕೊಂಡಿರುತ್ತಿದ್ದೆ. ಮೂವತ್ತು ಎಂದು ಬರೆದೆ. ಕಷ್ಟವಾಗಿರಬೇಕು.

ಇನ್ನೊಂದು ವಿಷಯ. ಈ ತಿಂಗಳು ನನ್ನ ಬದುಕಿನಲ್ಲಿ ಒಂದು ಘಟನೆ ನಡೆಯಿತು. ದೊಡ್ಡದು. ಒಳ್ಳೆಯದೋ ಕೆಟ್ಟದ್ದೋ ನನಗೇ ಇನ್ನೂ ತಿಳಿಯುತ್ತಿಲ್ಲ. ಲೈಬ್ರರಿಯಿಂದ ಹೊರಗೆ ಬಂದು ಒಂದು ಬೆಂಚಿನ ಮೇಲೆ ಕೂತಾಗ ಮೊದಲು ಬಂದ ಯೋಚನೆ, ಅಮ್ಮನಿಗೆ ಹೇಳಬೇಕು. ಕೈ ಬ್ಯಾಗಿನೊಳಗೆ ಹೋಗಿ ಪೆನ್ನನ್ನೂ ಹುಡುಕುತ್ತಿತ್ತು. ಆಮೇಲೆ ಬಂದ ಯೋಚನೆ, ಇದು ಎಷ್ಟು ಒಳ್ಳೆಯ ಚಿತ್ರವಾಗುತ್ತದೆ ಎಂದು. ನಿಜವಾಗಿಯೂ ಆಗುತ್ತದೆ ಅಮ್ಮ. ನೀನು ಕೇಳಿದರೆ ಬಿಡುವುದಿಲ್ಲ, ಎದ್ದು ತಗಡು ಹುಡುಕುತ್ತೀಯ.

ಅದಕ್ಕೇ ಹೇಳುತ್ತಿಲ್ಲ.

ಇಲ್ಲಿ ಚಳಿ ಶುರುವಾಗಿದೆ. ಊಟ ಪರವಾಗಿಲ್ಲ. ಆರೋಗ್ಯವಾಗಿದ್ದೇನೆ.

ಇತಿ,
ನಿನ್ನ ಮಗಳು